ಸೀನು ಮೂಗಿನಾಗ, ದಮ್ಮು ಎದಿಯಾಗ... ದಾರಿ ಮಾತ್ರ ಒಂದೇ!

ಹಾವೇರಿಯಲ್ಲಿ ಬ್ಯಾಡಗಿ ಬಸ್ಸು ಹತ್ತಿ ಕೂತವರಿಗೆ ಊರು ಬಂತು ಅಂತ ಕಂಡಕ್ಟರು ಕೂಗಿ ಹೇಳಬೇಕಾಗಿಲ್ಲ. ಮೋಟೆಬೆನ್ನೂರು ದಾಟಿ ಒಂದಿಷ್ಟು ದೂರ ಹೋಗುವಷ್ಟರಲ್ಲಿ ಮೂಗೇ ಹೇಳುತ್ತದೆ. ಮೊದಲು ಮುಂದಿನ ಸೀಟಿನವರದೊಂದು ಸೀನು. ಆಮೇಲೆ ಹಿಂದಿನ ಸೀಟಿನ ಅಜ್ಜಿಯದೊಂದು. ನೋಡುನೋಡುತ್ತಿದ್ದಂತೆ ಅರ್ಧ ಬಸ್ಸು ಮೂಗಿಗೆ ಟವಲ್ಲು, ಸೆರಗು, ಕರವಸ್ತ್ರ ಹಿಡಿದಿರುತ್ತದೆ. ಮೆಣಸಿನಕಾಯಿ ಸುಗ್ಗಿಯ ದಿನಗಳಲ್ಲಿ ಇದು ದಿನನಿತ್ಯದ ಕಛೇರಿ.

ಸೀನಿದವರೂ ನಗುತ್ತಾರೆ, ನೋಡಿದವರೂ ನಗುತ್ತಾರೆ. "ಬ್ಯಾಡಗಿ ಬಂತ ನೋಡ್ರಿ" ಅಂತ ಯಾರಾದರೊಬ್ಬರು ಅಂದೇ ಅನ್ನುತ್ತಾರೆ. ಸೀನನ್ನು ನಾವು ರೋಗ ಅಂತ ಎಣಿಸಿದವರೇ ಅಲ್ಲ. ನೆಗಡಿಯಂಥ ರೋಗವಿಲ್ಲ, ಬುಗುಡಿಯಂಥ ಒಡವೆಯಿಲ್ಲ ಎಂದು ಹಿರಿಯರು ಗಾದೆ ಕಟ್ಟಿಟ್ಟು ಹೋದರು. ನಾವು ಬುಗುಡಿಯ ಅರ್ಧ ಮಾತ್ರ ನೆನಪಿಟ್ಟುಕೊಂಡೆವು. (ಇವತ್ತಿನ ಬಂಗಾರದ ರೇಟಿನಲ್ಲಿ ಅದೂ ನೆನಪಿನಲ್ಲೇ ಉಳಿಯಬೇಕು, ಇರಲಿ.)

ಇವತ್ತು ಈ ಅಂಕಣದಲ್ಲಿ ಗಟಾರ ಇಲ್ಲ, ಪುರಸಭೆ ಇಲ್ಲ, ಪಾರ್ಟಿ ಇಲ್ಲ. ಇವತ್ತಿನ ವಿಷಯ ಮೂಗು. ಯಾಕೆಂದರೆ ಹತ್ತು ವರ್ಷ ಬರೇ ಸೀನುತ್ತಿದ್ದ ನಮ್ಮ ಪರಿಚಯದ ಕಿರಾಣಿ ಅಂಗಡಿಯವರೊಬ್ಬರು ಒಂದು ರಾತ್ರಿ ಉಸಿರು ಸಿಗದೆ ಇನ್ನೇನು ಹೋಗಿಯೇಬಿಟ್ಟರು ಅನ್ನುವಂತಾಗಿತ್ತು.

ಅವರ ಹೆಸರು ಬೇಡ. ಕಥೆ ಬರೆಯಿರಿ, ಹೆಸರು ಹಾಕಬ್ಯಾಡ್ರಿ, ಗಿರಾಕಿ ಹೆದರತಾರ ಅಂದಿದ್ದಾರೆ. ಪೇಟೆ ರಸ್ತೆಯಲ್ಲಿ ಅಂಗಡಿ. ವಯಸ್ಸು ನಲವತ್ತರ ಆಸುಪಾಸು. ಬೆಳಿಗ್ಗೆ ಶಟರ್ ಎತ್ತಿದ ಕೂಡಲೇ ಸಾಲಾಗಿ ಹತ್ತೋ ಹದಿನೈದೋ ಸೀನು. ಸೀನು ಮುಗಿದ ಮೇಲೇ ಬೋಣಿಗೆ. ಕೇಳಿದರೆ, "ದೊಡ್ಡ ರೋಗ ಅಲ್ರಿ ಇದು, ಬರೇ ನೆಗಡಿ. ಮೆಣಸಿನಕಾಯಿ ಘಾಟಿಗೆ ಆಗತೈತಿ" ಅನ್ನೋರು. ಘಾಟು ಇಲ್ಲದ ಆಗಸ್ಟ್ ತಿಂಗಳಲ್ಲೂ ಸೀನುತ್ತಿದ್ದರಲ್ಲ, ಅದಕ್ಕೇನು ಕಾರಣ ಅಂತ ಅವರೂ ಕೇಳಿಕೊಳ್ಳಲಿಲ್ಲ, ನಾವೂ ಕೇಳಲಿಲ್ಲ.

ಆಮೇಲೆ ಮೂಗು ಕಟ್ಟೋದು ಶುರುವಾಯಿತು. ಜೇಬಿನಲ್ಲಿ ಮೂಗಿಗೆ ಬಿಡುವ ಔಷಧದ ಸಣ್ಣ ಬಾಟಲಿ ಬಂತು. ದಿನಕ್ಕೆ ಎರಡು ಸಲ ಬಿಡುತ್ತಿದ್ದವರು ಎಂಟು ಸಲಕ್ಕೆ ಬಂದರು. ಮುಂದೆ ವಾಸನೆ ಹೋಯಿತು. ಕಿರಾಣಿ ವ್ಯಾಪಾರಿಗೆ ವಾಸನೆ ಹೋಗುವುದೆಂದರೆ ದರ್ಜಿಗೆ ಕಣ್ಣು ಹೋದಂತೆ! ಇಂಗಿನ ಡಬ್ಬಿ ತೆರೆದರೂ ಗೊತ್ತಾಗದು, ತುಪ್ಪ ಕನರಿದರೂ ಗೊತ್ತಾಗದು. ಎಲ್ಲದಕ್ಕೂ ಒಳಗಿನಿಂದ ಹೆಂಡತಿಯನ್ನು ಕರೆದು ಮೂಸಿಸಬೇಕು. ಇದಾಗಿ ಎರಡು ವರ್ಷಕ್ಕೆ ಬೆಳಗಿನ ಜಾವದಲ್ಲಿ ಎದೆಯೊಳಗೆ ಬೆಕ್ಕು ಕೂತು ಗುರುಗುಟ್ಟಿದ ಹಾಗೆ ಸದ್ದು. ನಮ್ಮ ಕಡೆ ದಮ್ಮು ಅನ್ನುತ್ತೇವೆ, ಮೈಸೂರು ಕಡೆಯವರು ಗೂರಲು, ಉಬ್ಬಸ ಅನ್ನುತ್ತಾರೆ, ಡಾಕ್ಟರ ಚೀಟಿಯಲ್ಲಿ ಅಸ್ತಮಾ.

ಇವರು ಮಾಡಿದ್ದೇನು ಗೊತ್ತೇ? ಮೂಗಿಗೆ ಔಷಧ ಅಂಗಡಿ, ಎದೆಗೆ ಡಾಕ್ಟರು. ಔಷಧ ಅಂಗಡಿಯಲ್ಲಿ ಎದೆಯ ಮಾತೆತ್ತಲಿಲ್ಲ. ಡಾಕ್ಟರ ಹತ್ತಿರ ಮೂಗಿನ ಮಾತೆತ್ತಲಿಲ್ಲ. ಎರಡೂ ಬೇರೆ ಬೇರೆ ಖಾತೆ ಅಂತ ತಿಳಿದಿದ್ದರು. ನಾವೂ ನೀವೂ ತಿಳಿದಿರುವುದು ಹಾಗೇ ಅಲ್ಲವೇ?

ಖಾತೆ ಒಂದೇ ಸ್ವಾಮಿ. ಮೂಗಿನ ಹೊಳ್ಳೆಯಿಂದ ಹಿಡಿದು ಎದೆಯ ಒಳಗಿನ ಸಣ್ಣ ಶ್ವಾಸನಾಳದ ತನಕ ಹೋಗೋದು ಒಂದೇ ರಸ್ತೆ, ಒಳಗಿನ ಹಾಸೂ ಹೆಚ್ಚು ಕಡಿಮೆ ಒಂದೇ. ಅದೇ ಲೋಳೆ ಪೊರೆ, ಅದೇ ಕಣ್ಣಿಗೆ ಕಾಣದ ಕೂದಲುಗಳು, ಧೂಳನ್ನು ಲೋಳೆಯಲ್ಲಿ ಹಿಡಿದು ಹೊರಕ್ಕೆ ಗುಡಿಸುವ ಅದೇ ಕೆಲಸ. ದಿನಕ್ಕೆ ಹತ್ತು ಸಾವಿರ ಲೀಟರಿನಷ್ಟು ಗಾಳಿ ನಾವು ಎಳೆದುಕೊಳ್ಳುತ್ತೇವೆ. ಅಷ್ಟನ್ನೂ ಮೂಗು ಸೋಸಿ, ಒದ್ದೆ ಮಾಡಿ, ಮೈಯ ಬಿಸಿಗೆ ಹತ್ತಿರ ಬರುವಷ್ಟು ಬೆಚ್ಚಗೆ ಮಾಡಿ ಕೆಳಗೆ ಕಳಿಸುತ್ತದೆ. ಅಗಸೆ ಬಾಗಿಲಿನ ಕಾವಲುಗಾರ ಇದ್ದಂತೆ. ಮೂಗು ಕಟ್ಟಿ ಬಾಯಲ್ಲಿ ಉಸಿರಾಡುವವನ ಊರಿಗೆ ಕಾವಲೇ ಇಲ್ಲ. ತಣ್ಣಗಿನ, ಒಣ, ಧೂಳು ಗಾಳಿ ನೇರ ಎದೆಗೆ. ಓಡುವಾಗ, ಮೂಟೆ ಹೊರುವಾಗ ದಮ್ಮು ಬರುವವರಿಗೆ ಬಾಯಿ ಉಸಿರಿನಿಂದ ಅದು ಜಾಸ್ತಿ, ಮೂಗಿನ ಉಸಿರಿನಿಂದ ಕಡಿಮೆ ಎಂಬುದನ್ನು 1978ರಷ್ಟು ಹಿಂದೆಯೇ ಪರೀಕ್ಷಿಸಿ ನೋಡಿದ್ದಾರೆ.

ಒಂದು ವ್ಯತ್ಯಾಸ ಉಂಟು. ಮೂಗು ಕಟ್ಟುವುದು ಒಳಗಿನ ರಕ್ತನಾಳ ಉಬ್ಬಿ. ಎದೆ ಕಟ್ಟುವುದು ಶ್ವಾಸನಾಳದ ಸುತ್ತಲ ಸ್ನಾಯು ಬಿಗಿದು. ಅದಕ್ಕೇ ಮೂಗು ಬಿಡಿಸುವ ಔಷಧ ಬೇರೆ, ದಮ್ಮು ಬಿಡಿಸುವ ಔಷಧ ಬೇರೆ. ಆದರೆ ಎರಡೂ ಕಡೆ ತಳದಲ್ಲಿ ಹೊಗೆಯಾಡುವ ಉರಿಯೂತ ಒಂದೇ ಜಾತಿಯದು.

ಮೂಗಿನ ಕೊಳೆ ರಾತ್ರಿ ಕೆಳಗಿಳಿದು ಎದೆ ಕೆಡಿಸುತ್ತದೆ ಅನ್ನುವುದು ಹಳೆಯ ವಿವರಣೆ. ಅಷ್ಟೇ ಅಲ್ಲ ಅಂತ ತೋರಿಸಿದವರು ನೆದರ್ಲೆಂಡ್ಸಿನ ಡಾಕ್ಟರುಗಳು. 2000 ಮತ್ತು 2001ರ ಮಾತು. ಅಲರ್ಜಿ ನೆಗಡಿ ಇದ್ದು ದಮ್ಮು ಇಲ್ಲದವರನ್ನು ಕರೆದು, ಅವರ ಮೂಗಿಗೆ ಮಾತ್ರ ಆಗದ ಪರಾಗ ತಾಗಿಸಿದರು. ಒಂದು ದಿನದೊಳಗೆ ಎದೆಯ ಶ್ವಾಸನಾಳದಲ್ಲೂ ಉರಿಯೂತದ ಕಣಗಳು ಬಂದು ಕೂತಿದ್ದವು! ತಿರುಗಿಸಿಯೂ ನೋಡಿದರು. ಕೊಳವೆ ಇಳಿಸಿ ಶ್ವಾಸನಾಳದ ಒಂದು ತುಂಡಿಗೆ ಮಾತ್ರ ತಾಗಿಸಿದರೆ ಮೂಗಿನಲ್ಲೂ ಉರಿಯೂತ. ಎದೆಯಿಂದ ಮೂಗಿಗೆ ಲೋಳೆ ಮೇಲಕ್ಕೆ ಸೋರಲಿಲ್ಲ ತಾನೇ? ಅಂದರೆ ಸುದ್ದಿ ರಕ್ತದ ಮೂಲಕ ಹೋಗುತ್ತದೆ. ಒಂದು ಓಣಿಯಲ್ಲಿ ಜಗಳ ಆದರೆ ಇನ್ನೊಂದು ಓಣಿಯಲ್ಲಿ ಕಲ್ಲು ಬೀಳುವುದಿಲ್ಲವೇ, ಹಾಗೆ.

ಹಾಗಾದರೆ ಬ್ಯಾಡಗಿ ಬಸ್ಸಿನಲ್ಲಿ ಸೀನಿದವರಿಗೆಲ್ಲ ದಮ್ಮು ಬರುತ್ತದೋ? ಗಾಬರಿ ಬೇಡ. ಮೆಣಸಿನಕಾಯಿ ಘಾಟಿನ ಸೀನು ಸಾಮಾನ್ಯವಾಗಿ ಅಲರ್ಜಿ ಅಲ್ಲ. ಮೆಣಸಿನಲ್ಲಿರುವ ಕ್ಯಾಪ್ಸೈಸಿನ್ ಎಂಬ ಖಾರದ ಅಂಶ ಮೂಗಿನ ನರದ ತುದಿಗೆ ಚುಚ್ಚುತ್ತದೆ, ಅಷ್ಟೆ. ಆ ನರದ ಬಾಗಿಲು ಯಾವುದೆಂದು 1997ರಲ್ಲಿ ಹುಡುಕಿದ ಅಮೆರಿಕದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಬಂತು. (ನಮ್ಮ ಹಮಾಲರು ದಿನಾ ಅನುಭವಿಸುವುದಕ್ಕೆ ಅಲ್ಲೊಬ್ಬರಿಗೆ ನೊಬೆಲ್!) ಈ ಸೀನು ಯಾರಿಗಾದರೂ ಬರುತ್ತದೆ, ಘಾಟು ಬಿಟ್ಟು ಹೊರಬಂದರೆ ನಿಲ್ಲುತ್ತದೆ. ಆದರೆ ಮೊದಲೇ ಅಲರ್ಜಿಯಿಂದ ಕೆಂಡವಾಗಿರುವ ಮೂಗು, ಶ್ವಾಸನಾಳ ಇದ್ದವರಿಗೆ ಅದೇ ಘಾಟು ಕೆಂಡಕ್ಕೆ ಗಾಳಿ ಹಾಕಿದ ಹಾಗೆ. ಮೆಣಸಿನಕಾಯಿಯೇ ಆಗಬೇಕೆಂದಿಲ್ಲ. ಗಿರಣಿ ಹಿಟ್ಟು, ಗೋವಿನಜೋಳದ ರಾಶಿ ಧೂಳು, ಊದುಬತ್ತಿ, ಬೀಡಿ ಹೊಗೆ, ಬಸ್ಸಿನ ಹೊಗೆ ಎಲ್ಲಕ್ಕೂ ಅದೇ ಲೆಕ್ಕ.

ಯೋಚನೆ ಮಾಡಬೇಕಾದ್ದು ಇನ್ನೊಂದು ಬಗೆಯ ಸೀನಿನ ಬಗ್ಗೆ. ಘಾಟು ಇಲ್ಲದೆಯೂ ಬೆಳಿಗ್ಗೆ ಎದ್ದ ಕೂಡಲೇ ಸಾಲು ಸೀನು. ನೀರಿನಂತೆ ಸೋರುವ ಮೂಗು. ಮೂಗು, ಕಣ್ಣು, ಅಂಗಳ ತುರಿಕೆ. ಜ್ವರವಿಲ್ಲ, ಮೈಕೈ ನೋವಿಲ್ಲ, ವಾರವಾದರೂ ಹೋಗುವುದಿಲ್ಲ. ಇದು ಅಲರ್ಜಿ ನೆಗಡಿ. 2008ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯ ಪತ್ರಿಕೆಯಲ್ಲಿ ಒಂದು ಲೆಕ್ಕ ಬಂತು. ಬಹುಪಾಲು ಯುರೋಪಿನದೇ ಆದ 14 ದೇಶಗಳಲ್ಲಿ, ದಮ್ಮು ಇಲ್ಲದ ಸುಮಾರು ಆರೂವರೆ ಸಾವಿರ ಜನರನ್ನು ಒಂಬತ್ತು ವರ್ಷದ ಹತ್ತಿರ ಹತ್ತಿರ ಗಮನಿಸಿದರು. ಮೂಗಿನ ಕಾಯಿಲೆಯೂ ಅಲರ್ಜಿಯೂ ಇಲ್ಲದವರಲ್ಲಿ ನೂರಕ್ಕೆ ಒಬ್ಬರಿಗೆ ದಮ್ಮು ಬಂತು. ಅಲರ್ಜಿ ನೆಗಡಿಯವರಲ್ಲಿ ನೂರಕ್ಕೆ ನಾಲ್ವರಿಗೆ. ಉಳಿದ ತೊಂಬತ್ತಾರು ಜನ ಸೀನುತ್ತಾ ಆರಾಮಾಗಿಯೇ ಇದ್ದರು ಅನ್ನುವುದನ್ನೂ ಹೇಳಿಬಿಡೋಣ, ಸುಮ್ಮನೆ ಹೆದರಿಸುವುದು ಪತ್ರಿಕೆಯವರ ಕೆಲಸ ಅಲ್ಲ. ಆದರೆ ತಿರುಗಿಸಿ ನೋಡಿದರೆ ಲೆಕ್ಕ ಜೋರಿದೆ. ದಮ್ಮು ಇರುವವರಲ್ಲಿ ಬಹುಪಾಲು ಜನರಿಗೆ ಮೂಗಿನ ತೊಂದರೆಯೂ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಜೊತೆ ಸೇರಿ 1999ರಲ್ಲಿ ತಜ್ಞರು ಸಭೆ ಕೂತು, 2001ರಲ್ಲಿ ಹೇಳಿದ್ದೂ ಇದನ್ನೇ. ದಮ್ಮಿನವರು ಬಂದರೆ ಮೂಗು ನೋಡಿ, ಮೂಗಿನವರು ಬಂದರೆ ಎದೆ ಕೇಳಿ.

ನಮ್ಮ ಕಡೆ ಈ ಅಲರ್ಜಿ ಎಬ್ಬಿಸುವವರು ಯಾರು? ಒಂದು, ಹಾಸಿಗೆಯಲ್ಲೇ ಇದ್ದಾನೆ. ಧೂಳಿನ ನುಸಿ. ಕಣ್ಣಿಗೆ ಕಾಣುವುದಿಲ್ಲ, ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟು ತಿಂದು ಗಾದಿ, ದಿಂಬು, ಕಂಬಳಿಯಲ್ಲಿ ಸಂಸಾರ ಹೂಡುತ್ತದೆ. ಅದರ ಹಿಕ್ಕೆಯೇ ನಮ್ಮ ಸೀನು. ಬೆಳಿಗ್ಗೆ ಎದ್ದ ಕೂಡಲೇ ಸೀನು ಯಾಕೆ ಅಂತ ಈಗ ತಿಳಿಯಿತಲ್ಲ. ವಾರಕ್ಕೊಮ್ಮೆ ಹೊದಿಕೆಯನ್ನು ಕೈ ಸುಡುವಂಥ ಬಿಸಿ ನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಬೇಕು ಅನ್ನುವುದು ಇದಕ್ಕೇ.

ಎರಡನೆಯದು ಕಾಂಗ್ರೆಸ್ ಕಸ. ಪಾರ್ಟಿಯವರು ಸಿಟ್ಟಾಗಬಾರದು, ಹೆಸರಿಟ್ಟದ್ದು ನಾವಲ್ಲ. ಶಾಸ್ತ್ರದ ಹೆಸರು ಪಾರ್ಥೇನಿಯಂ. 1950ರ ದಶಕದಲ್ಲಿ ಪುಣೆಯ ಹತ್ತಿರ ಕಣ್ಣಿಗೆ ಬಿದ್ದ ಗಿಡ, ಇವತ್ತು ಬಸ್ ಸ್ಟ್ಯಾಂಡಿನ ಹಿಂದೆ, ರೈಲು ಹಳಿ ಪಕ್ಕ, ಖಾಲಿ ಸೈಟಿನಲ್ಲಿ, ಎಲ್ಲೆಲ್ಲೂ ಬಿಳಿ ಹೂ ಬಿಟ್ಟು ನಿಂತಿದೆ. ಮೈಗೆ ತುರಿಕೆ ಎಲ್ಲರಿಗೂ ಗೊತ್ತು, ಮೂಗಿನ ಕಥೆ ಗೊತ್ತಿಲ್ಲ. ಬೆಂಗಳೂರಿನಲ್ಲಿ ಚರ್ಮದ ಮೇಲೆ ಚುಚ್ಚಿ ಪರೀಕ್ಷೆ ಮಾಡಿದ ಸಂಶೋಧಕರು 1991ರಲ್ಲಿ ಪ್ರಕಟಿಸಿದ ಪ್ರಕಾರ, ಮೂಗಿನ ಅಲರ್ಜಿಯ ರೋಗಿಗಳಲ್ಲಿ ನೂರಕ್ಕೆ 34 ಜನರಿಗೆ, ಅಸ್ತಮಾ ರೋಗಿಗಳಲ್ಲಿ ನೂರಕ್ಕೆ 12 ಜನರಿಗೆ ಈ ಗಿಡದ ಪರಾಗ ಆಗಿಬರುತ್ತಿರಲಿಲ್ಲ. ಪುರಸಭೆಯವರು ಕಸ ಕೀಳಿಸುವಾಗ ಹೂ ಬಿಡುವ ಮೊದಲೇ ಕೀಳಿಸಿದರೆ ಊರಿನ ಎಷ್ಟೋ ಮೂಗುಗಳಿಗೆ ಉಪಕಾರ. (ಪುರಸಭೆ ಇಲ್ಲ ಅಂದಿದ್ದೆ, ಬಂದೇಬಿಟ್ಟಿತು ನೋಡಿ.)

ಈಗ ಆ ರಾತ್ರಿಯ ಕಥೆಗೆ ಬರೋಣ.

ಸಂಜೆ ಸಕ್ಕರೆ ಚೀಲ ಇಳಿಸಿ ನಮ್ಮ ಯಜಮಾನರಿಗೆ ಸೊಂಟ ಹಿಡಿದಿತ್ತು. ಅಂಗಡಿಯ ಗಾಜಿನ ಡಬ್ಬಿಯಲ್ಲಿ ಪೆಪ್ಪರಮಿಂಟಿನ ಪಕ್ಕ ನೋವಿನ ಗುಳಿಗೆ ಇಟ್ಟಿರುತ್ತಾರಲ್ಲ, ಅದರಲ್ಲೊಂದು ನುಂಗಿದರು. ಕಿರಾಣಿಯಲ್ಲಿ ಗುಳಿಗೆ ಮಾರಬಹುದೋ ಬಾರದೋ ಅನ್ನುವುದು ಬೇರೆಯೇ ಮಾತು. ಮುಕ್ಕಾಲು ಗಂಟೆಯೊಳಗೆ ಮೂಗು ನಲ್ಲಿಯಂತೆ ಸೋರತೊಡಗಿತು. ಮುಖ, ಕುತ್ತಿಗೆ ಕೆಂಪು. ಮತ್ತೆ ಹತ್ತು ನಿಮಿಷಕ್ಕೆ ಎದೆ ಬಿಗಿದು ಮಾತು ನಿಂತಿತು. ಕೂತರೂ ಆಗದು, ನಿಂತರೂ ಆಗದು. ತುಟಿ ನೀಲಿಗಟ್ಟಿತು. ಮಗ, ಪಕ್ಕದ ಸೈಕಲ್ ಅಂಗಡಿಯವರು ಸೇರಿ ಸರಕಿನ ಟೆಂಪೋದಲ್ಲಿ ಮಲಗಿಸಲು ನೋಡಿದರೆ ಮಲಗಲೂ ಆಗದು. ಅಕ್ಕಿ ಚೀಲಕ್ಕೆ ಒರಗಿಸಿ ಕೂರಿಸಿಕೊಂಡೇ ಆಸ್ಪತ್ರೆಗೆ ಹೋದರು. ಆಮ್ಲಜನಕ, ಇಂಜೆಕ್ಷನ್ನು, ಮುಖಕ್ಕೆ ಮುಚ್ಚಳ ಹಾಕಿ ಹೊಗೆಯಂಥ ಔಷಧ. ಬೆಳಗಾಗುವಷ್ಟರಲ್ಲಿ ಒಂದು ಮಾತು ಆಡಿದರು. ಅಂಗಡಿ ಬೀಗ ಹಾಕಿದ್ರೇನು ಅಂತ!

ಮರುದಿನ ರೌಂಡ್ಸಿಗೆ ಬಂದ ಡಾಕ್ಟರಮ್ಮ ಎದೆ ನೋಡುವ ಮೊದಲು ಕೇಳಿದ್ದು, "ಮೂಗಿನ್ಯಾಗ ದುರ್ಮಾಂಸ ಬೆಳದೈತೇನು? ವಾಸನಿ ಬರತೈತೇನು? ಯಾವ ಗುಳಿಗಿ ತಗೊಂಡ್ರಿ?" ಈ ಮೂರೂ ಪ್ರಶ್ನೆಗಳನ್ನು ಒಟ್ಟಿಗೆ ಕೇಳಿದವರು ಅಷ್ಟು ವರ್ಷದಲ್ಲಿ ಅವರೊಬ್ಬರೇ.

ವಿಷಯ ಇದು. ಮೂಗಿನಲ್ಲಿ ದುರ್ಮಾಂಸ, ಎದೆಯಲ್ಲಿ ದಮ್ಮು, ಆಸ್ಪಿರಿನ್ ಆಗದಿರುವುದು, ಈ ಮೂರು ಕೆಲವರಲ್ಲಿ ಜೊತೆಯಾಗಿ ಬರುತ್ತವೆ. ಫ್ರಾನ್ಸಿನ ವಿದಾಲ್ ಎಂಬ ಡಾಕ್ಟರು 1922ರಲ್ಲೇ ಬರೆದಿದ್ದರು. 1968ರಲ್ಲಿ ಅಮೆರಿಕದ ಸ್ಯಾಮ್ಟರ್ ಮತ್ತೆ ಬರೆದ ಮೇಲೆ ಜಗತ್ತಿಗೆ ಗೊತ್ತಾಯಿತು. ದಮ್ಮು ಇರುವ ದೊಡ್ಡವರಲ್ಲಿ ನೂರಕ್ಕೆ ಸುಮಾರು ಏಳು ಜನ ಈ ಗುಂಪಿನವರು. ದಮ್ಮು ಜೋರಾಗಿರುವವರಲ್ಲಿ ಅದರ ಎರಡು ಪಟ್ಟು. ಆಸ್ಪಿರಿನ್ ಒಂದೇ ಅಲ್ಲ. ಐಬುಪ್ರೊಫೆನ್, ಡೈಕ್ಲೊಫಿನಾಕ್ ಹೀಗೆ ಸೊಂಟ ನೋವಿಗೆ, ಹಲ್ಲು ನೋವಿಗೆ ನಾವು ಚಾಕೊಲೇಟಿನಂತೆ ತಿನ್ನುವ ಗುಳಿಗೆಗಳೂ ಅದೇ ಸಾಲಿನವು. ಮೂಗಿನಿಂದ ಶುರುವಾಗಿ ಅರ್ಧ ಗಂಟೆಯಿಂದ ಎರಡು ಮೂರು ಗಂಟೆಯೊಳಗೆ ಎದೆಗೆ ಇಳಿಯುತ್ತದೆ. ಇಂಥವರಿಗೆ ಪ್ಯಾರಾಸಿಟಮಾಲ್ ಸಾಮಾನ್ಯವಾಗಿ ಆಗಿಬರುತ್ತದೆ, ಅದೂ ಮಿತಿಯಲ್ಲಿ, ಡಾಕ್ಟರನ್ನು ಕೇಳಿ. ಹೃದಯದ ತೊಂದರೆಗೆ ಡಾಕ್ಟರೇ ಆಸ್ಪಿರಿನ್ ಬರೆದುಕೊಟ್ಟವರು ಇದನ್ನು ಓದಿ ತಾವಾಗಿ ನಿಲ್ಲಿಸಬಾರದು, ಅದು ಇನ್ನೊಂದು ಅಪಾಯ. ಹೇಳಿ, ಕೇಳಿ, ಆಮೇಲೆ ಮಾಡಿ.

ಮೂಗಿನ ಔಷಧದ ಬಾಟಲಿಯ ಮಾತೂ ಮುಗಿಸಿಬಿಡೋಣ. ತಕ್ಷಣ ಮೂಗು ಬಿಡಿಸುವ ಹನಿಗಳಿವೆಯಲ್ಲ, ಅವು ಐದಾರು ದಿನಕ್ಕಿಂತ ಹೆಚ್ಚಿಗೆ ಬಿಟ್ಟರೆ ಔಷಧದಿಂದಲೇ ಮೂಗು ಕಟ್ಟತೊಡಗುತ್ತದೆ. ಬಿಟ್ಟರೆ ಬಿಡುವುದಿಲ್ಲ, ಸಾಲದ ಬಡ್ಡಿಯಂತೆ. ಅಲರ್ಜಿ ನೆಗಡಿಗೆ ಡಾಕ್ಟರು ಬರೆಯುವ ಸ್ಟಿರಾಯ್ಡ್ ಸ್ಪ್ರೇ ಬೇರೆಯೇ ಜಾತಿ. ಅದು ಇವತ್ತು ಹೊಡೆದರೆ ಇವತ್ತೇ ಕೇಳುವುದಿಲ್ಲ. ಪೂರ್ತಿ ಗುಣ ಕಾಣಲು ಒಂದೆರಡು ವಾರ ದಿನಾ ಹೊಡೆಯಬೇಕು, ಮೂಗಿನ ನಡುಗೋಡೆಗೆ ಅಲ್ಲ, ಹೊರಗಿನ ಕಡೆಗೆ ತಿರುಗಿಸಿ. ನಮ್ಮವರು ಮೂರು ದಿನ ಹೊಡೆದು, "ಏನೂ ಉಪಯೋಗಿಲ್ರಿ" ಅಂತ ಕಪಾಟಿನಲ್ಲಿ ಇಡುತ್ತಾರೆ.

ಮೂಗು ನೋಡಿಕೊಂಡರೆ ದಮ್ಮೇ ಹೋಗಿಬಿಡುತ್ತದೆ ಅಂತ ಯಾರಾದರೂ ಹೇಳಿದರೆ ಅದನ್ನೂ ನಂಬಬೇಡಿ. ದಮ್ಮು ಹತೋಟಿಗೆ ಬರಲು ಅನುಕೂಲ, ಅಷ್ಟೆ. ಎದೆಗೆ ಪಂಪು ಬೇಕೇ ಬೇಕು. ಪಂಪು ಎಂದರೆ ನಮ್ಮಲ್ಲಿ ಇನ್ನೂ ನಾಚಿಕೆ. ಬಸ್ಸಿನಲ್ಲಿ ಜೇಬಿನಿಂದ ತೆಗೆದರೆ ಎಲ್ಲರೂ ತಿರುಗಿ ನೋಡುತ್ತಾರೆ. ಹೆಣ್ಣು ಮಕ್ಕಳ ಮನೆಯವರಂತೂ ಬಚ್ಚಿಡುತ್ತಾರೆ. ಚಟ ಹತ್ತುತ್ತದೆ ಅನ್ನುವ ಮಾತು ಸುಳ್ಳು. ತಪಕೀರು ಚಟ ಹತ್ತುತ್ತದೆ, ಪಂಪಿನದಲ್ಲ. ಮತ್ತೊಂದು ತಪ್ಪು, ನೀಲಿ ಪಂಪೊಂದನ್ನೇ ಇಟ್ಟುಕೊಂಡು ದಮ್ಮು ಬಂದಾಗ ಎಳೆಯುವುದು. ಅದು ಸ್ನಾಯು ಸಡಿಲಿಸುತ್ತದೆಯೇ ಹೊರತು ಉರಿಯೂತ ಇಳಿಸುವುದಿಲ್ಲ. ಜಾಗತಿಕ ಅಸ್ತಮಾ ಮಾರ್ಗಸೂಚಿಯವರು 2019ರಿಂದ, ದೊಡ್ಡವರಿಗೆ ಅದೊಂದನ್ನೇ ಕೊಡಬಾರದು, ಜೊತೆಗೆ ಸ್ಟಿರಾಯ್ಡ್ ಪಂಪೂ ಇರಬೇಕು ಅಂತ ಹೇಳಿದ್ದಾರೆ. ಸ್ಟಿರಾಯ್ಡ್ ಅಂದಕೂಡಲೇ ಹೌಹಾರುವವರೇ ದಮ್ಮಿಗೆ ಹೆಸರು ಕೇಳದೆ ತಿಂಗಳುಗಟ್ಟಲೆ ಪುಡಿ, ಗುಳಿಗೆ ನುಂಗುತ್ತಾರೆ. ಅದರಲ್ಲಿ ಪಂಪಿನದಕ್ಕಿಂತ ಎಷ್ಟೋ ಪಟ್ಟು ಸ್ಟಿರಾಯ್ಡ್ ಇದ್ದರೆ, ಸಕ್ಕರೆ ಕಾಯಿಲೆ ಬಂದು ಎಲುಬು ಸವೆದ ಮೇಲೇ ಗೊತ್ತಾಗುವುದು.

ಮೃಗಶಿರಾ ಮಳೆಗೆ ಹೈದರಾಬಾದಿಗೆ ಮೀನು ನುಂಗಲು ಹೋಗುವವರು ನಮ್ಮ ರಾಜ್ಯದಿಂದಲೂ ಇದ್ದಾರೆ. ನಂಬಿಕೆಯ ಮಾತು ನಮಗೆ ಬೇಡ. ಅದರಿಂದ ದಮ್ಮು ಹೋಗುತ್ತದೆ ಅನ್ನಲು ಪುರಾವೆ ಇಲ್ಲ ಅನ್ನುವುದಷ್ಟೇ ಸತ್ಯ. ಬಾಯಿ ತೆರೆಸಿ ಮೀನು ಇಳಿಸುವಾಗ ಎಷ್ಟೋ ಮಕ್ಕಳ ಮೂಗು ಹಿಡಿಯುತ್ತಾರೆ. ಆ ಮೂಗಿಗೆ ಯಾರಾದರೂ ಕೈ ಹಚ್ಚಿದ್ದು ಅದೊಂದೇ ಸಲ ಇರಬೇಕು! ಹೋಗುವವರು ಪಂಪು ಮನೆಯಲ್ಲಿ ಬಿಟ್ಟು ಹೋಗದಿದ್ದರೆ ಸಾಕು.

ನಮ್ಮ ಯಜಮಾನರು ಈಗ ಮೂಗಿಗೂ ಎದೆಗೂ ಎರಡಕ್ಕೂ ದಿನಾ ಔಷಧ ತಗೊಳ್ಳುತ್ತಾರೆ. ದುರ್ಮಾಂಸ ತೆಗೆಸಿದ್ದಾರೆ. ಈ ಜಾತಿಯದು ಮತ್ತೆ ಬೆಳೆಯುವುದೇ ಹೆಚ್ಚು ಅಂತ ಡಾಕ್ಟರು ಮೊದಲೇ ಹೇಳಿದ್ದರು. ಡುಪಿಲುಮ್ಯಾಬ್ ಅಂತ ಒಂದು ಇಂಜೆಕ್ಷನ್ನು ಬಂದಿದೆ, ಅಮೆರಿಕದಲ್ಲಿ 2018ರಲ್ಲಿ ಅಸ್ತಮಾಕ್ಕೆ, 2019ರಲ್ಲಿ ಮೂಗಿನ ದುರ್ಮಾಂಸಕ್ಕೆ ಒಪ್ಪಿಗೆ ಸಿಕ್ಕಿತು. ಎರಡಕ್ಕೂ ಒಂದೇ ಸೂಜಿ ಅಂದರೆ ಎರಡೂ ಒಂದೇ ಖಾತೆ ಅಂತ ಇನ್ನೊಮ್ಮೆ ಸಾಬೀತಾದ ಹಾಗೆ. ಬೆಲೆ ಕೇಳಿದರೆ ಮಾತ್ರ ಕಿರಾಣಿ ಅಂಗಡಿಯವರಿಗೆ ಅಲ್ಲೇ ದಮ್ಮು ಹತ್ತಬೇಕು.

ಮೊನ್ನೆ ಸಂಜೆ ಅವರ ಅಂಗಡಿಗೆ ಹೋಗಿದ್ದೆ. ಗಾಜಿನ ಡಬ್ಬಿಯಲ್ಲಿ ಪೆಪ್ಪರಮಿಂಟು ಇದೆ, ಪಕ್ಕದ ಗುಳಿಗೆ ಇಲ್ಲ. ಇಂಗಿನ ಡಬ್ಬಿ ತೆರೆದು ತಾವೇ ಮೂಸಿ ನೋಡಿ, "ಈಗ ಸ್ವಲ್ಪ ಬರತೈತ್ರಿ" ಅಂದರು. ಅಷ್ಟರಲ್ಲಿ ಏಳನೇ ಕ್ಲಾಸಿನ ಮಗಳು ಶಾಲೆಯಿಂದ ಬಂದಳು. ಬ್ಯಾಗು ಇಳಿಸುವ ಮೊದಲು ಅಂಗೈಯಿಂದ ಮೂಗಿನ ತುದಿಯನ್ನು ಕೆಳಗಿನಿಂದ ಮೇಲಕ್ಕೆ ಉಜ್ಜಿಕೊಂಡಳು. ಡಾಕ್ಟರುಗಳು ಇದಕ್ಕೆ ಅಲರ್ಜಿ ಸೆಲ್ಯೂಟ್ ಅನ್ನುತ್ತಾರೆ. ದಿನಾ ಉಜ್ಜಿ ಉಜ್ಜಿ ಮೂಗಿನ ಮೇಲೆ ಅಡ್ಡ ಗೆರೆಯೊಂದು ಬೀಳುತ್ತದೆ, ಕಣ್ಣ ಕೆಳಗೆ ಕಪ್ಪಾಗುತ್ತದೆ. ಬಸ್ಸಿನಲ್ಲಿ ಶಾಲೆ ಮಕ್ಕಳನ್ನು ನೋಡಿದರೆ ನಿಮಗೂ ಒಬ್ಬರೋ ಇಬ್ಬರೋ ಕಂಡಾರು. ಈ ಹುಡುಗಿಯ ಮೂಗಿನ ಮೇಲೂ ಗೆರೆ ಎದ್ದು ಕಾಣುತ್ತಿತ್ತು.

ಯಜಮಾನರು ತಕ್ಕಡಿ ಕೆಳಗಿಟ್ಟರು. "ಎಷ್ಟ ದಿನದಿಂದ ಹಿಂಗ ತಿಕ್ಕತೀಯವ್ವಾ?" ಅಂತ ಕೇಳಿದರು. ಹುಡುಗಿ ನಕ್ಕು, "ಬರೇ ನೆಗಡಿ ಅಪ್ಪಾ" ಅಂದಳು. ಅವರು ನಗಲಿಲ್ಲ. ಮರುದಿನ ಅಂಗಡಿ ಅರ್ಧ ದಿನ ಬಂದ್ ಇತ್ತು. ಮಗಳನ್ನು ಕರೆದುಕೊಂಡು ಹಾವೇರಿ ಬಸ್ಸಿಗೆ ಹೋದರು ಅಂತ ಸೈಕಲ್ ಅಂಗಡಿಯವರು ಹೇಳಿದರು.